ಕೆರೆಯ ಹಸಿರು ತೆಗೆಯುವ ಕೆಲಸ ಶುರುವಾಗಿದ್ದು ಕೊಟ್ಟಿಗೆಯಿಂದ

ಸಾಗರ ಸೀಮೆಯ ಅಡಿಕೆ ತೋಟಗಳಲ್ಲಿ ಸಣ್ಣದೊಂದು ಕೆರೆ ಇರುವುದು ಹೊಸತೇನಲ್ಲ. ನಮ್ಮದು 18 ಮೀಟರ್ ಉದ್ದ, 12 ಮೀಟರ್ ಅಗಲ. ಎರಡು ಗುಂಟೆಗೆ ಚೂರು ಮೇಲೆ. ದರೆಯ ಬುಡದಲ್ಲಿ ಒರತೆ, ಕೆಳಗಿನ ಒಡ್ಡಿನಲ್ಲಿ ತೂಬು, ಎಡಕ್ಕೆ ಕೋಡಿ. ದೀಪಾವಳಿ ಕಳೆದು ಕೋಡಿ ಹರಿಯುವುದು ನಿಂತಿತೆಂದರೆ ಮೂಲೆಯಲ್ಲಿ ಹಸಿರು ಕಾಣಿಸಿಕೊಳ್ಳುತ್ತದೆ, ಸಂಕ್ರಾಂತಿ ಹೊತ್ತಿಗೆ ನೀರೇ ಕಾಣುವುದಿಲ್ಲ. ನೋಡುವುದಕ್ಕೆ ಚಂದವೇ. ಪೇಟೆಯಿಂದ ಬಂದ ನೆಂಟರು ಫೋಟೊ ಹೊಡೆದುಕೊಂಡು ಹೋಗುತ್ತಾರೆ. ತೊಂದರೆ ಗೊತ್ತಾಗುವುದು ಪಂಪು ಹಾಕಿದಾಗ. ನೀರು ಎಳೆಯುವ ಪೈಪಿನ ತುದಿಯ ಫುಟ್‌ವಾಲ್ವಿನ ಜಾಲರಿ ಮುಚ್ಚಿಕೊಳ್ಳುತ್ತದೆ, ಜಾಲರಿ ದಾಟಿ ಬಂದದ್ದು ಸ್ಪ್ರಿಂಕ್ಲರ್ ಜೆಟ್ಟಿನಲ್ಲಿ ಕೂರುತ್ತದೆ. ಬೆಳಗಿನ ಜಾವ ಮೀನುಗಳು ಬಾಯಿ ಮೇಲೆ ಮಾಡಿಕೊಂಡು ಹಸಿರಿನ ಸಂದಿಯಲ್ಲಿ ಗಾಳಿ ಕುಡಿಯುತ್ತಿದ್ದವು. ಈ ಸಲ ಇದಕ್ಕೊಂದು ಗತಿ ಕಾಣಿಸಲೇಬೇಕೆಂದು ಹೊರಟೆ. ಮಾಡಿದ್ದನ್ನು ಅಳತೆ ಸಮೇತ ಬರೆದಿಡುತ್ತಿದ್ದೇನೆ.

ಮೇಲೆ ತೇಲುತ್ತಿದ್ದದ್ದು ಏನೇನು

ನಮ್ಮಲ್ಲಿ ನೀರಿನ ಮೇಲಿನ ಹಸಿರಿಗೆಲ್ಲ ಪಾಚಿ ಎಂದೇ ಹೆಸರು. ಆದರೆ ಯಾವ ಪಾಚಿ ಎಂದು ತಿಳಿಯದೆ ಅದನ್ನು ಬಾಚುವ ಬಲೆಯ ಕಣ್ಣು ಎಷ್ಟಿರಬೇಕೆಂದು ಹೇಳುವುದು ಹೇಗೆ? ಬಿಳಿ ಬೇಸಿನ್ನಿಗೆ ಒಂದು ಚೊಂಬು ಕೆರೆನೀರು ಹಾಕಿಕೊಂಡು ಜಗಲಿಯಲ್ಲಿ ಕೂತೆ. ಮೊಬೈಲಿನ ಕ್ಯಾಮೆರಾವನ್ನು ಹತ್ತಿರ ಹಿಡಿದರೆ ಸಾಕು, ಭೂತಗನ್ನಡಿ ಬೇಡ.

ಎದ್ದು ಕಂಡದ್ದು ಸ್ಪೈರೊಡೆಲಾ. ನೀರಿನ ಮೇಲೆ ತೇಲುವ ಪುಟ್ಟ ಹೂಗಿಡಗಳಾದ ಡಕ್‌ವೀಡ್ ಕುಟುಂಬದ ದೊಡ್ಡಣ್ಣ ಇದು, ಆದರೂ ಒಂದೊಂದು ಎಸಳಿನ ಅಗಲ 5ರಿಂದ 10 ಮಿಲಿಮೀಟರ್ ಮಾತ್ರ. ಕಡ್ಡಿಯಿಂದ ಮಗುಚಿ ಹಾಕಿದರೆ ಹೊಟ್ಟೆ ನೇರಳೆ ಬಣ್ಣ, ಒಂದು ಗೊಂಚಲು ಬೇರು. ಅದರ ಮಧ್ಯೆ ಲೆಮ್ನಾ: ಇನ್ನೂ ಚಿಕ್ಕದು, ಹೊಟ್ಟೆಯೂ ಹಸಿರೇ, ಎಸಳಿಗೆ ಒಂದೇ ಒಂದು ಬೇರು. ಇವೆರಡೂ ಎದ್ದಮೇಲೆ ಬೇಸಿನ್ನಿನ ಗೋಡೆಗೆ ಅಂಟಿಕೊಂಡು ಉಳಿದದ್ದು ವುಲ್ಫಿಯಾ. ಬೇರೇ ಇಲ್ಲ, ಎಲೆ ಎನ್ನುವಂಥದ್ದೂ ಇಲ್ಲ. ಬೆರಳ ಮಧ್ಯೆ ಉಜ್ಜಿದರೆ ಹಸಿರು ರವೆ. ಒಂದು ಮಿಲಿಮೀಟರಿಗೂ ಕಡಿಮೆ ಇರುವ ಈ ಕಾಳು ಹೂಬಿಡುವ ಸಸ್ಯಗಳಲ್ಲೆಲ್ಲ ಅತಿ ಚಿಕ್ಕದು. ಥಾಯ್ಲೆಂಡಿನಲ್ಲಿ ಇದನ್ನು ಅಡುಗೆಗೆ ಹಾಕಿ ತಿನ್ನುತ್ತಾರೆ. ನಮ್ಮ ಜೆಟ್ ಕಟ್ಟಿಸುತ್ತಿದ್ದದ್ದೂ ಇದೇ.

ಅಂಚಿನಲ್ಲಿ ಅಜೋಲಾ ಇತ್ತು. ಕೆಳಗಿನ ಮನೆಯವರು ದನಕ್ಕೆಂದು ತೊಟ್ಟಿಯಲ್ಲಿ ಬೆಳೆಸುತ್ತಾರೆ, ಅಲ್ಲಿಂದ ಹಕ್ಕಿ ಕಾಲಿಗೆ ಅಂಟಿ ಬಂದಿರಬೇಕು. ಅದು ಡಕ್‌ವೀಡಿನ ಜಾತಿಯಲ್ಲ, ಜರೀಗಿಡ. ಎಲೆಯ ಪೊಟರೆಯಲ್ಲಿ ಗಾಳಿಯ ಸಾರಜನಕ ಹಿಡಿಯುವ ನೀಲಿಹಸಿರು ಸೂಕ್ಷ್ಮಜೀವಿ ಸಾಕಿಕೊಂಡಿರುತ್ತದೆ. ಅದು ಕೆಂಪಗಾಗಿತ್ತು. ಬಿಸಿಲು ಜೋರಾದರೂ ರಂಜಕ ಸಾಲದಾದರೂ ಅಜೋಲಾ ಹೀಗೆ ಕೆಂಪಾಗುತ್ತದೆ.

ನಾನು ಹುಡುಕಿ ಹುಡುಕಿ ನೋಡಿದ್ದು ಸಾಲ್ವೀನಿಯಾ ಇದೆಯೇ ಎಂದು. ಮಡಚಿದ ಎಲೆಯ ಮೇಲೆ ನವಿರು ಕೂದಲು, ನೀರು ಹನಿಸಿದರೆ ಮುತ್ತಾಗಿ ಉರುಳುತ್ತದೆ. ಬ್ರೆಜಿಲ್ ಮೂಲದ ಈ ಕಳೆ ಕೇರಳದ ಗದ್ದೆ, ಕಾಲುವೆಗಳಲ್ಲಿ ಹಬ್ಬಿದ್ದು ಗೊತ್ತಿರುವುದೇ. ಅದನ್ನು ತಿನ್ನುವ ಸೊಂಡಿಲು ಕೀಟವನ್ನು ನಮ್ಮ ದೇಶದಲ್ಲಿ 1980ರ ದಶಕದಲ್ಲಿ ಮೊದಲು ಬಿಟ್ಟು ನೋಡಿದ್ದು ಬೆಂಗಳೂರಿನ ಒಂದು ನೈದಿಲೆ ಕೊಳದಲ್ಲಿ. ಕೊಳ ತಿಳಿಯಾಯಿತು, ಆಮೇಲೆ ಕೇರಳಕ್ಕೂ ಹೋಯಿತು. ನಮ್ಮ ಕೆರೆಯಲ್ಲಿ ಸಾಲ್ವೀನಿಯಾ ಇರಲಿಲ್ಲ, ಅಂತರಗಂಗೆಯೂ ಇರಲಿಲ್ಲ. ಡಕ್‌ವೀಡಿಗೆ ಅಂಥ ಕೀಟದ ಮದ್ದಿಲ್ಲ. ನಮ್ಮ ಕೈಯೇ ಗತಿ.

ಒಂದು ಚದರ ಮೀಟರಿನ ಲೆಕ್ಕ

ಬಲೆ ಹೊಲಿಯುವ ಮೊದಲು ಒಂದು ತೂಕ ಹಾಕಿದೆ. ಅರ್ಧ ಇಂಚಿನ ಪಿವಿಸಿ ಪೈಪಿನಲ್ಲಿ ಒಂದು ಮೀಟರ್ ಚೌಕಟ್ಟು ಮಾಡಿ, ಹಸಿರು ದಟ್ಟವಾಗಿದ್ದ ಕಡೆ ತೇಲಿಬಿಟ್ಟು, ಅದರೊಳಗಿನದ್ದನ್ನಷ್ಟೇ ಜರಡಿಯಲ್ಲಿ ಬಾಚಿ ನೀರು ಸೋರಿಸಿ ತೂಗಿದರೆ ಹತ್ತಿರ ಹತ್ತಿರ ಒಂದು ಕೇಜಿ. ಅದನ್ನೇ ಗರಿಗರಿಯಾಗುವಷ್ಟು ಒಣಗಿಸಿ ಮತ್ತೆ ತೂಗಿದರೆ 60 ಗ್ರಾಂ. ಮಿಕ್ಕದ್ದೆಲ್ಲ ನೀರು.

ಹಾಗಾದರೆ ಇಡೀ ಕೆರೆಯ ಮೇಲಿರುವುದು 200 ಕೇಜಿ ಚಿಲ್ಲರೆ ಹಸಿ, ಒಣಗಿದ ಮೇಲೆ 12–13 ಕೇಜಿ. ಗೊಬ್ಬರದ ನೀರಿನಲ್ಲಿ ಬೆಳೆದ ಡಕ್‌ವೀಡಿನ ಒಣತೂಕದಲ್ಲಿ ಶೇ. 30ರ ಆಸುಪಾಸು ಪ್ರೋಟೀನ್ ಎಂದು ಹಿಡಿದರೆ ಸಾರಜನಕ ಶೇ. 5ರ ಹತ್ತಿರ. ಅಂದರೆ ಇಷ್ಟೂ ಹಸಿರನ್ನು ಬಾಚಿ ಹೊರಗೆ ಹಾಕಿದರೆ ಕೆರೆಯಿಂದ ಹೊರಬೀಳುವ ಸಾರಜನಕ ಅರ್ಧ ಕೇಜಿಗೆ ಸ್ವಲ್ಪ ಮೇಲೆ. ಯೂರಿಯಾ ಲೆಕ್ಕದಲ್ಲಿ ಒಂದೂಕಾಲು ಕೇಜಿ.

ಈಗ ಕೊಟ್ಟಿಗೆ ಕಡೆ ನೋಡಿ. ಒಂದು ಮಿಶ್ರತಳಿ ಹಸು ದಿನಕ್ಕೆ ಹತ್ತು ಲೀಟರಿನ ಆಸುಪಾಸು ಗಂಜಲ ಹೊಯ್ಯುತ್ತದೆ, ಅದರಲ್ಲಿ ಶೇ. 1ರ ಹತ್ತಿರ ಸಾರಜನಕ. ಮೂರು ಹಸುವಿಗೆ ದಿನಕ್ಕೆ 300 ಗ್ರಾಂ. ನಮ್ಮ ಕೊಟ್ಟಿಗೆ ಇರುವುದು ಕೆರೆಯ ಮೇಲ್ಮಗ್ಗುಲಲ್ಲಿ. ಕೊಟ್ಟಿಗೆ ತೊಳೆದ ನೀರು ಹಳೆಯ ಚರಂಡಿಯಲ್ಲಿ ಹರಿದು ನೇರ ಕೆರೆಗೆ. ಹಿರಿಯರು ಅದನ್ನು ಬೇಕೆಂದೇ ಹಾಗೆ ಬಿಟ್ಟಿದ್ದರು, ಕೆರೆನೀರಿನ ಜೊತೆ ಗೊಬ್ಬರವೂ ತೋಟಕ್ಕೆ ಹೋಗಲಿ ಎಂದು. ಆಗ ಇದ್ದದ್ದು ಮಲೆನಾಡು ಗಿಡ್ಡ, ದಿನವಿಡೀ ಬೆಟ್ಟದಲ್ಲಿ ಮೇಯುತ್ತಿದ್ದವು, ಕೊಟ್ಟಿಗೆಗೆ ಸೊಪ್ಪು ಹಾಸುತ್ತಿದ್ದರು, ಗಂಜಲವೆಲ್ಲ ಸೊಪ್ಪಿಗೆ ಇಂಗುತ್ತಿತ್ತು. ಈಗಿನ ಹಸುಗಳು ಕಟ್ಟಿದಲ್ಲೇ ಇರುತ್ತವೆ, ಕೆಳಗೆ ರಬ್ಬರ್ ಮ್ಯಾಟು, ದಿನಕ್ಕೆರಡು ಸಲ ಪೈಪು ಹಿಡಿದು ತೊಳೆಯುತ್ತೇವೆ. ದಾರಿಯಲ್ಲಿ ಅರ್ಧ ಇಂಗಿತೆಂದುಕೊಂಡರೂ ನಾನು ಮೈಮುರಿದು ಬಾಚಿ ತೆಗೆಯುವುದನ್ನು ಹಸುಗಳು ಒಂದು ವಾರದೊಳಗೆ ವಾಪಸು ತುಂಬುತ್ತವೆ.

ಈ ಲೆಕ್ಕ ಕೈಗೆ ಬಂದ ಮೇಲೆ ಕೆಲಸದ ಕ್ರಮ ತಾನಾಗಿಯೇ ನಿರ್ಧಾರವಾಯಿತು. ಮೊದಲು ಚರಂಡಿ, ಆಮೇಲೆ ಬಲೆ.

ನಡುವೆ ಪಕ್ಕದ ಮನೆ ಭಾವ ಒಡ್ಡಿನ ಮೇಲೆ ನಿಂತು ಸಲಹೆ ಕೊಟ್ಟರು: "ಇಷ್ಟೆಲ್ಲ ಯಾಕೆ ಮಾರಾಯ? ಔಷಧಿ ಹೊಡೆದು ಉಳಿದ ಮೈಲುತುತ್ತ ಇದ್ಯಲ, ಒಂದೆರಡು ಕೇಜಿ ಕರಡಿ ಹೊಯ್ದುಬಿಡು." ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಊರಿನಲ್ಲಿ ಮೈಲುತುತ್ತ (ತಾಮ್ರದ ಸಲ್ಫೇಟ್) ಇಲ್ಲದ ಮನೆಯಿಲ್ಲ, ಹಾಗಾಗಿ ಈ ಸಲಹೆ ಎಲ್ಲ ಕಡೆ ಸಿಗುತ್ತದೆ. ಬೋರ್ಡೋದಲ್ಲಾದರೆ ಮೈಲುತುತ್ತದ ತೂಕಕ್ಕೆ ಸಮ ಸುಣ್ಣ ಬಿದ್ದು ತಾಮ್ರದ ಖಾರ ಕಟ್ಟಿಹಾಕುತ್ತದೆ. ಬರೀ ಮೈಲುತುತ್ತವನ್ನು ನೀರಿಗೆ ಬಿಟ್ಟರೆ ಆ ತಡೆ ಇಲ್ಲ. ಅದರಲ್ಲೂ ನಮ್ಮ ಜಂಬಿಟ್ಟಿಗೆ ನೆಲದ ನೀರು ಮೆದು, ಸುಣ್ಣದಂಶ ಕಡಿಮೆ. ಇಂಥ ನೀರಿನಲ್ಲಿ ತಾಮ್ರ ಮೀನಿಗೆ ಇನ್ನೂ ಬೇಗ ವಿಷವಾಗುತ್ತದೆ. ಡಕ್‌ವೀಡ್ ಸತ್ತಿತೆಂದೇ ಇಟ್ಟುಕೊಳ್ಳೋಣ, 200 ಕೇಜಿ ತಳಕ್ಕಿಳಿದು ಕೊಳೆಯುತ್ತದೆ, ಕೊಳೆಯುವಾಗ ನೀರಿನ ಆಮ್ಲಜನಕ ತಿನ್ನುತ್ತದೆ, ಸಾರಜನಕವನ್ನೆಲ್ಲ ಅದೇ ನೀರಿಗೆ ಬಿಡುತ್ತದೆ. ಮುಂದಿನ ಬೆಳೆಗೆ ಗೊಬ್ಬರ ತಯಾರು. ಭಾವನಿಗೆ ಇಷ್ಟು ಹೇಳಿ ಒಂದು ಲೋಟ ಕಷಾಯ ಕೊಟ್ಟು ಕಳಿಸಿದೆ.

ಚರಂಡಿ

ಕೊಟ್ಟಿಗೆಯ ಹೊರಗೋಡೆಗೆ ತಾಗಿ ಗುಂಡಿ ತೋಡಿ ಮೂರಡಿ ವ್ಯಾಸದ ಸಿಮೆಂಟ್ ರಿಂಗು ಮೂರು ಇಳಿಸಿದೆ. ಒಂದೊಂದು ರಿಂಗು ಒಂದಡಿ ಎತ್ತರ, ಒಟ್ಟು 600 ಲೀಟರಿನ ಹತ್ತಿರ ಹಿಡಿಯುತ್ತದೆ. ತಳಕ್ಕೆ ಕಾಂಕ್ರೀಟು, ಸಂದುಗಳಿಗೆ ಸಿಮೆಂಟ್ ಗಾರೆ. ಗಂಜಲದ ಚರಂಡಿಯನ್ನು ಇದಕ್ಕೆ ತಿರುಗಿಸಿದೆ. ಸೆಗಣಿ ಬಾಚಿದ ಮೇಲೆ ತೊಳೆಯುವ ನೀರೂ ಇಲ್ಲಿಗೇ ಬರುತ್ತದೆ. ತುಂಬಿದ್ದನ್ನು ನೀರು ಬೆರೆಸಿ ಅಡಿಕೆ ಬುಡಕ್ಕೆ ಬಿಡುವುದಕ್ಕೆ ಬೇರೆ ಪೈಪು.

ಉಕ್ಕಿದ ನೀರು ಹೋಗುವುದಕ್ಕೆ 63 ಮಿಲಿಮೀಟರಿನ ಪೈಪು ಹಾಕಿದೆ. ಇಲ್ಲಿ ಇಳಿಜಾರು ಮುಖ್ಯ. ಕಡಿಮೆಯಾದರೆ ಸೆಗಣಿ ಕೂತು ಕಟ್ಟಿಕೊಳ್ಳುತ್ತದೆ. ನೂರು ಅಡಿಗೆ ಎರಡಡಿಯಾದರೂ ಇಳಿತ ಇರಲಿ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ಗೂಟಕ್ಕೆ ಮಟ್ಟ ಹಿಡಿಯುವ ಗಾರೆ ಕೆಲಸದವರ ವಿಧಾನವೇ ಸಾಕು, ಕಣ್ಣಂದಾಜು ಬೇಡ.

ಪೈಪಿನ ಬಾಯಿ ಬೀಳುವುದು ಕೆರೆಗಲ್ಲ, ಅದಕ್ಕಿಂತ ಮುಂಚೆ ಬರುವ ಒಂದು ಉದ್ದನೆಯ ಪಟ್ಟೆಗೆ. ಎಂಟು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲಕ್ಕೆ ಮಣ್ಣು ತಗ್ಗಿಸಿ, ನೀರು ಓಡದೆ ನಿಂತು ನಿಂತು ಹೋಗುವಂತೆ ಅಡ್ಡ ಅಡ್ಡ ಜಂಬಿಟ್ಟಿಗೆ ಕಲ್ಲು ಇಟ್ಟೆ. ಅದರಲ್ಲಿ ಕೆಸು, ನೇಪಿಯರ್ ಹುಲ್ಲು, ಕೆಳಗಿನ ತುದಿಗೆ ಬಜೆ. ಕೆಸುವಿನ ಸೊಪ್ಪನ್ನು ಮಾತ್ರ ಅಡುಗೆಮನೆಗೆ ತರಬೇಡ ಎಂದು ಅಮ್ಮ ಮೊದಲೇ ಹೇಳಿಬಿಟ್ಟರು. ನೇಪಿಯರ್ ಹಸುಗಳಿಗೇ ವಾಪಸು ಹೋಗುತ್ತದೆ. ಈ ಪಟ್ಟೆ ದಾಟಿ ಕೆರೆಗೆ ಸೇರುವ ನೀರು ಬೇಸಿಗೆಯಲ್ಲಿ ಇಲ್ಲವೇ ಇಲ್ಲವೆನ್ನುವಷ್ಟು.

ತೇಲುಗೋಲು

ಕೈಜರಡಿಯಲ್ಲಿ ಬಾಚಬಹುದು, ದಂಡೆಯ ಒಂದು ಮಾರಿನಾಚೆ ಕೈ ಸಾಗುವುದಿಲ್ಲ. ಮೀನುಬಲೆ ಎಳೆದರೆ ತಳದ ಹೂಳೂ ಎದ್ದು ಬರುತ್ತದೆ. ಬೇಕಾಗಿರುವುದು ನೀರಿನ ಮೇಲಿನ ನಾಲ್ಕು ಬೆರಳು ಮಾತ್ರ. ಹಾಗಾಗಿ ಕೆರೆಯ ಅಗಲಕ್ಕೆ ಸರಿಯಾಗಿ ತೇಲುವ ಒಂದು ತಡೆ ಮಾಡಿ, ಎರಡು ದಂಡೆಯಿಂದ ಇಬ್ಬರು ಹಗ್ಗ ಹಿಡಿದು ಎಳೆಯುವುದೆಂದಾಯಿತು.

110 ಮಿಲಿಮೀಟರಿನ ತೆಳು ಪಿವಿಸಿ ಪೈಪು ತಂದು ಮೂರು ಮೂರು ಮೀಟರಿಗೆ ನಾಲ್ಕು ತುಂಡು ಮಾಡಿದೆ. ಎರಡೂ ತುದಿಗೆ ಎಂಡ್‌ಕ್ಯಾಪು, ಸಾಲ್ವೆಂಟ್ ಧಾರಾಳವಾಗಿ. ಒಂದು ಮೀಟರ್ ಪೈಪು ಒಂಬತ್ತೂವರೆ ಲೀಟರ್ ನೀರು ತಳ್ಳುತ್ತದೆ, ತೇಲುವ ಶಕ್ತಿಗೆ ಕೊರತೆಯಿಲ್ಲ. ತುಂಡುಗಳನ್ನು ನೈಲಾನ್ ಹಗ್ಗದಲ್ಲಿ ಒಂದಕ್ಕೊಂದು ಬಿಗಿದರೆ ಹನ್ನೆರಡು ಮೀಟರಿನ ಸರಪಳಿ. ಗಂಟಿನ ಹತ್ತಿರ ಬಾಗುತ್ತದೆ, ಬಾಗಲೇಬೇಕು.

ಪೈಪಿನ ಕೆಳಗೆ 25 ಸೆಂಟಿಮೀಟರ್ ಇಳಿಬಿದ್ದ ಪರದೆ. ತೋಟದ ಸಸಿಮಡಿಗೆ ತಂದು ಉಳಿದಿದ್ದ ಶೇಡ್‌ನೆಟ್ಟನ್ನು ಪೈಪಿಗೆ ಸುತ್ತಿ ಹೊಲಿದೆ. ಮೇಲಿನ ಹತ್ತು ಸೆಂಟಿಮೀಟರಿಗೆ ಮಾತ್ರ ಒಳಮಗ್ಗುಲಲ್ಲಿ ಸೊಳ್ಳೆಪರದೆಯ ಬಟ್ಟೆ ಇನ್ನೊಂದು ಪದರ. ಸ್ಪೈರೊಡೆಲಾ, ಲೆಮ್ನಾ ಶೇಡ್‌ನೆಟ್ಟಿಗೇ ನಿಲ್ಲುತ್ತವೆ, ವುಲ್ಫಿಯಾ ನಿಲ್ಲುವುದಿಲ್ಲ. ಪೂರ್ತಿ ಸೊಳ್ಳೆಪರದೆ ಹಾಕಿಬಿಟ್ಟರೆ ನೀರೇ ದಾಟುವುದಿಲ್ಲ, ಎಳೆಯುವುದಕ್ಕೆ ಆನೆ ಬೇಕು. ಪರದೆಯ ಅಂಚು ಮೇಲೆದ್ದು ತೇಲದಂತೆ ತೂಕ ಬೇಕಲ್ಲ, ಅದಕ್ಕೆ ಹಳೆಯ 16 ಮಿಲಿಮೀಟರಿನ ಡ್ರಿಪ್ ಪೈಪಿಗೆ ಒಣಮರಳು ತುಂಬಿ, ತುದಿ ಮಡಚಿ ಕಟ್ಟಿ, ಅಂಚಿನ ಮಡಿಕೆಯೊಳಗೆ ತೂರಿಸಿದೆ. ಮೀಟರಿಗೆ ಕಾಲು ಕೇಜಿ ಬರುತ್ತದೆ. ಈ ಉಪಾಯ ನನಗೆ ಬಹಳ ಹಿಡಿಸಿತು. ಪ್ರತಿ ತೋಟದ ಮೂಲೆಯಲ್ಲೂ ಇಲಿ ಕಡಿದ ಡ್ರಿಪ್ ಪೈಪಿನ ಸಿಂಬಿ ಬಿದ್ದಿರುತ್ತದೆ.

ಎಳೆಯುವಾಗ ನಿಧಾನ. ಹೆಜ್ಜೆ ಮೇಲೆ ಹೆಜ್ಜೆ. ಚೂರು ಜೋರು ಮಾಡಿದರೆ ಮುಂದಿನ ನೀರು ಪರದೆಯ ಕೆಳಗೆ ನುಗ್ಗುತ್ತದೆ, ಜೊತೆಗೆ ಹಸಿರೂ ಮುಳುಗಿ ಆಚೆ ಏಳುತ್ತದೆ. ಪೈಪಿನ ಹಿಂದೆ ಹಸಿರು ಗುಳ್ಳೆಗಳಂತೆ ಮೇಲೆ ಬರತೊಡಗಿದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಚಳಿಗಾಲದಲ್ಲಿ ಮೂಡಗಾಳಿ ಅರ್ಧ ಕೆಲಸ ಮಾಡಿಕೊಡುತ್ತದೆ. ಬೆಳಿಗ್ಗೆ ಗಾಳಿ ಬೀಸಿ ಹಸಿರೆಲ್ಲ ಪಡುವಣ ದಂಡೆಗೆ ಒತ್ತರಿಸಿದ ಮೇಲೆ ತೇಲುಗೋಲು ಇಳಿಸಿದರೆ ಅರ್ಧ ಕೆರೆ ಎಳೆಯುವುದು ಉಳಿಯುತ್ತದೆ. ತಮ್ಮ ಆಚೆ ದಂಡೆಯಲ್ಲಿ, ನಾನು ಈಚೆ. ಕೊನೆಯ ಎರಡು ಮೀಟರಿನಲ್ಲಿ ಹಸಿರು ಪದರದ ಮೇಲೆ ಪದರ ಕೂತು ಅಂಗೈ ದಪ್ಪವಾಯಿತು. ಅಲ್ಲಿಂದ ಜರಡಿಯಲ್ಲಿ ಎತ್ತಿ ಹೆಡಿಗೆಗೆ. ಜರಡಿಗೆ ಹಿಡಿಕೆ ಮಾಡಿದ್ದು ಅಡಿಕೆ ಕೊನೆ ಕೊಯ್ಯುವ ಕೊನೆದೋಟಿ ಮುರಿದದ್ದರ ತುಂಡು. ಹಗುರ, ನೀರು ಕುಡಿಯುವುದಿಲ್ಲ.

ಹಸಿರಿನ ಜೊತೆ ಎದ್ದು ಬಂದ ಜೀವರಾಶಿ ನೋಡಿ ತಮ್ಮ ಹೆಡಿಗೆಯ ಹತ್ತಿರವೇ ಕೂತುಬಿಟ್ಟ: ಏರೋಪ್ಲೇನ್ ಚಿಟ್ಟೆಯ ಮರಿ, ಗೊದಮೊಟ್ಟೆ, ಬಸವನಹುಳು. ಹೆಡಿಗೆಯನ್ನು ದಂಡೆಯ ಅಂಚಿನಲ್ಲೇ ಸ್ವಲ್ಪ ಹೊತ್ತು ಓರೆಯಾಗಿ ಇಟ್ಟರೆ ಓಡಬಲ್ಲವು ನೀರಿಗೆ ಮರಳುತ್ತವೆ. ಅಷ್ಟರಲ್ಲಿ ನೀರೂ ಸೋರಿ ಹೊರೆ ಹಗುರಾಗುತ್ತದೆ.

ತೆಗೆದದ್ದನ್ನು ಏನು ಮಾಡುವುದು

ದಂಡೆಯ ಮೇಲೆ ರಾಶಿ ಹಾಕುವವರೇ ಹೆಚ್ಚು. ಎರಡು ದಿನದಲ್ಲಿ ಅದು ಕರಗಿ, ಕಪ್ಪು ರಸ ಇಳಿದು ಕೆರೆಗೇ ಹೋಗುತ್ತದೆ. ರಾಶಿ ಒಡ್ಡಿನ ಆಚೆ, ತೋಟದ ಇಳಿಜಾರಿಗೆ ಇರಬೇಕು. ಒಣಗಿಸೋಣವೆಂದರೆ ಆ ಕಾಲದಲ್ಲಿ ಅಂಗಳದಲ್ಲಿ ಅಡಿಕೆ ಹರವಿರುತ್ತದೆ, ಬೇರೆ ಯಾವುದಕ್ಕೂ ಜಾಗವಿಲ್ಲ, ಕೇಳಿದರೆ ಮನೆಯಲ್ಲಿ ಜಗಳ. ಗೊಬ್ಬರಗುಂಡಿಯೇ ಸರಿ. ಬರೀ ಡಕ್‌ವೀಡ್ ಸುರಿದರೆ ಲೋಳೆಯಾಗಿ ನಾರುತ್ತದೆ; ಒಂದು ಹೆಡಿಗೆಗೆ ಎರಡು ಹೆಡಿಗೆ ದರಗು, ಕತ್ತರಿಸಿದ ಸೋಗೆ ಸೇರಿಸಿದರೆ ಬಿಸಿಯೇರಿ ಚೆನ್ನಾಗಿ ಕಳಿಯುತ್ತದೆ.

ಕೋಳಿಗೆ ಹಾಕಿದೆ, ಮುಗಿಬಿದ್ದು ತಿಂದವು. ಹಸುವಿಗೆ ಹಾಕಲಿಲ್ಲ, ಹಾಕಬೇಡಿ ಎಂದೂ ಹೇಳುತ್ತೇನೆ. ಪ್ರೋಟೀನ್ ಲೆಕ್ಕ ನೋಡಿ ಆಸೆಯಾಗುವುದು ಸಹಜ. ಆದರೆ ಸೆಗಣಿ ನೀರು ಸೇರಿ, ಬಸವನಹುಳು ತುಂಬಿರುವ ಕೆರೆಯ ಗಿಡದ ಮೇಲೆ ದನದ ಪಿತ್ತಕೋಶ ಸೇರುವ ಹುಳು ಲಿವರ್ ಫ್ಲೂಕಿನ ಮರಿಗಳು ಗೂಡುಕಟ್ಟಿ ಕೂತಿರುತ್ತವೆ. ಸೆಗಣಿಯಿಂದ ನೀರಿಗೆ, ನೀರಿನಿಂದ ಬಸವನಹುಳುವಿಗೆ, ಅಲ್ಲಿಂದ ಗಿಡಕ್ಕೆ, ಗಿಡದಿಂದ ಹಸುವಿನ ಹೊಟ್ಟೆಗೆ. ದನಕ್ಕೆ ಹಸಿರು ಬೇಕಿದ್ದರೆ ಸಿಲ್ಪಾಲಿನ್ ಹಾಳೆ ಹಾಸಿದ ತೊಟ್ಟಿಯಲ್ಲಿ ಶುದ್ಧ ನೀರಿಟ್ಟು ಅಜೋಲಾ ಬೆಳೆಸಿ. ಊರ ಕೊಳಚೆ ಸೇರುವ ಕೆರೆಯದ್ದನ್ನಂತೂ ಕೋಳಿಗೂ ಬೇಡ, ಡಕ್‌ವೀಡ್ ಭಾರಲೋಹಗಳನ್ನು ಹೀರಿ ಮೈಯಲ್ಲಿಟ್ಟುಕೊಳ್ಳುತ್ತದೆ.

ಪೂರ್ತಿ ತೆಗೆಯಲಿಲ್ಲ

ಹಸಿರನ್ನು ಒಂದೇ ಏಟಿಗೆ ಗುಡಿಸಿದರೆ ನೀರಿಗೆ ಬಿಸಿಲು ಬೀಳುತ್ತದೆ. ಗೊಬ್ಬರ ನೀರಿನಲ್ಲೇ ಉಳಿದಿರುತ್ತದೆ. ಆಗ ಏಳುವುದು ನಿಜವಾದ ಪಾಚಿ. ನೀರೇ ಹಸಿರಾಗುತ್ತದೆ, ಅದನ್ನು ಯಾವ ಬಲೆಯೂ ಹಿಡಿಯುವುದಿಲ್ಲ. ಹಾಗಾಗಿ ಚರಂಡಿಯ ಪಟ್ಟೆ ಬಂದು ಸೇರುವ ಮೂಲೆಯಲ್ಲಿ ಇನ್ನೊಂದು ತುಂಡು ಪೈಪನ್ನು ಎರಡು ಗೂಟದ ಮಧ್ಯೆ ಸಡಿಲವಾಗಿ ಕಟ್ಟಿ, ಅದರೊಳಗೆ ಡಕ್‌ವೀಡನ್ನು ಬೇಕೆಂದೇ ಉಳಿಸಿದೆ. ಪಟ್ಟೆ ದಾಟಿ ಬಂದ ಗೊಬ್ಬರವನ್ನು ಅಲ್ಲೇ ಹಿಡಿಯಲಿ ಎಂದು. ಗೂಟಕ್ಕೆ ಬಿಗಿದು ಕಟ್ಟಬಾರದು, ನೀರು ಇಳಿದಂತೆ ಪೈಪು ಇಳಿಯಬೇಕು. ಹಗ್ಗದ ಕುಣಿಕೆ ಗೂಟದ ಮೇಲೆ ಜಾರುವಂತಿರಲಿ. ಒಳಗಿನ ಹಸಿರು ಒತ್ತಾದಾಗ ಅರ್ಧ ತೆಗೆದು ಕೋಳಿಗೆ ಹಾಕುತ್ತೇವೆ. ಹದವಾದ ಬೆಚ್ಚನೆಯ ನೀರಿನಲ್ಲಿ ಇದು ಎರಡು ಮೂರು ದಿನಕ್ಕೆ ಇಮ್ಮಡಿಯಾಗುವ ಗಿಡ, ಅರ್ಧ ತೆಗೆದರೆ ಬೇಸರ ಮಾಡಿಕೊಳ್ಳುವುದಿಲ್ಲ.

ಮಧ್ಯದಲ್ಲಿ ನೈದಿಲೆಯ ಗಡ್ಡೆ ನಾಲ್ಕು ಹಳೆಯ ಬಾಣಲೆಗಳಲ್ಲಿ ಮಣ್ಣು ತುಂಬಿ ಇಳಿಸಿದೆ, ನೆರಳಿಗೆ. ಹುಲ್ಲುಗೆಂಡೆ ಮರಿ ಹದಿನೈದು ಬಿಟ್ಟಿದ್ದೇನೆ. 1959ರಲ್ಲಿ ನಮ್ಮ ದೇಶಕ್ಕೆ ತಂದ ಮೀನು ಇದು, ಡಕ್‌ವೀಡ್ ಎಂದರೆ ಪ್ರಾಣ. ಹರಿಯುವ ದೊಡ್ಡ ಹೊಳೆ ಇಲ್ಲದೆ ತಾನಾಗಿ ಮರಿ ಮಾಡುವುದಿಲ್ಲ, ಕೆರೆಯಲ್ಲಿ ಸಂಖ್ಯೆ ಏರುವ ಭಯವಿಲ್ಲ. ಮೀನು ಬಿಟ್ಟರೆ ಆಯಿತು, ಬಾಚುವುದು ಬೇಡ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ತಿಂದದ್ದರಲ್ಲಿ ಹೆಚ್ಚಿನ ಪಾಲು ಹಿಕ್ಕೆಯಾಗಿ ಅದೇ ನೀರಿಗೆ ಬೀಳುತ್ತದೆ. ಹಿಡಿದು ತಿಂದಾಗ ಮಾತ್ರ ಏನೋ ಸ್ವಲ್ಪ ಹೊರಗೆ ಹೋಯಿತು. ನೈದಿಲೆಯ ಚಿಗುರನ್ನೂ ಬಿಡುವುದಿಲ್ಲ, ಅದಕ್ಕೆ ಬಾಣಲೆಯ ಸುತ್ತ ಕೋಳಿಮೆಶ್ ಸುತ್ತಬೇಕಾಯಿತು.

ಪಂಪಿನ ಫುಟ್‌ವಾಲ್ವನ್ನು ತಳಕ್ಕೂ ತಾಗದಂತೆ, ಮೇಲಕ್ಕೂ ಬಾರದಂತೆ ಖಾಲಿ ಕ್ಯಾನಿಗೆ ಕಟ್ಟಿ ನೀರಿನ ಮಟ್ಟದಿಂದ ಎರಡಡಿ ಕೆಳಗೆ ತೂಗುಬಿಟ್ಟಿದ್ದೇನೆ. ಸ್ಪ್ರಿಂಕ್ಲರ್ ಜೆಟ್ ಬಿಚ್ಚಿ ಊದುವ ಕೆಲಸ ಬಹುಮಟ್ಟಿಗೆ ತಪ್ಪಿತು. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುವುದೂ ನಿಂತಿದೆ. ಹಸಿರು ಬರುವುದು ನಿಂತಿಲ್ಲ, ಆದರೆ ಬರುವ ವೇಗ ಇಳಿದಿದೆ. ವಾರಕ್ಕೊಮ್ಮೆ ಇಬ್ಬರು ಸಂಜೆ ಹೊತ್ತು ಎಳೆದರೆ ಸಾಕಾಗುತ್ತದೆ.

ಬಾಕಿ ಇರುವುದು ಎರಡು. ತಳದ ಹೂಳಿನಲ್ಲಿ ವರ್ಷಗಳ ಸೆಗಣಿ ಕೂತಿದೆ, ಗಾಳಿಯಾಡದ ತಳದಿಂದ ರಂಜಕ ಮೇಲೇಳುತ್ತಲೇ ಇರುತ್ತದೆ; ಸ್ಪೈರೊಡೆಲಾ ಕೂಡ ಕಾಲ ಕೆಟ್ಟಾಗ ದಪ್ಪ ಮೊಗ್ಗುಗಳನ್ನು ತಳಕ್ಕಿಳಿಸಿ ಕಾಯುತ್ತದೆ. ಏಪ್ರಿಲ್‌ನಲ್ಲಿ ಒರತೆ ಸೊರಗಿದಾಗ ತೂಬು ಬಿಟ್ಟು ಹೂಳೆತ್ತಿ ತೋಟಕ್ಕೆ ಹಾಕಬೇಕು. ಇನ್ನೊಂದು ಕೋಡಿ. ಮೊದಲ ಮಳೆಗೆ ಉಕ್ಕಿದರೆ ಹುಲ್ಲುಗೆಂಡೆಯೂ ಡಕ್‌ವೀಡೂ ಕೆಳಗಿನ ಮನೆಯವರ ಗದ್ದೆಗೆ. ಅರ್ಧ ಇಂಚಿನ ಕಣ್ಣಿನ ಜಾಲರಿಯನ್ನು ನೇರ ನಿಲ್ಲಿಸದೆ ಓರೆಯಾಗಿ ಹಾಕಬೇಕು, ತರಗೆಲೆ ಕಟ್ಟಿ ನೀರು ಒಡ್ಡಿನ ಮೇಲೆ ಹತ್ತದ ಹಾಗೆ. ಅದರ ಮುಂದೆ ತೇಲುಗೋಲಿನ ಒಂದು ತುಂಡು. ಜಾಲರಿಗೆ ಅಳತೆ ಕೊಟ್ಟು ಬಂದಿದ್ದೇನೆ, ವೆಲ್ಡಿಂಗಿನವನು ಹಬ್ಬ ಕಳೆಯಲಿ ಅಂದಿದ್ದಾನೆ.